ಚಳಿಗಾಲದಲ್ಲಿ ರ‍್ಯಾಂಬ್ಲಿಂಗ್ ಗುಂಪಿನ ಜೊತೆ ಗುಡ್ಡ ನಡಿಗೆ: ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಅವತ್ತಿನಿಂದ ನಮ್ಮವರಲ್ಲಿ ಹೆಚ್ಚಿನವರು ಮನೆ ಸೇರಿಕೊಳ್ಳುತ್ತಾರೆ. ಆಫೀಸಿಗೆ ಹೋಗುವಾಗಲೂ ಕತ್ತಲು, ಬರುವಾಗಲೂ ಕತ್ತಲು, ಶನಿವಾರ ಭಾನುವಾರ ಹೀಟರ್ ಪಕ್ಕ. ನಾನೂ ಮೊದಲ ಎರಡು ಚಳಿಗಾಲ ಹಾಗೇ ಕಳೆದೆ. ಮೂರನೇ ವರ್ಷ ಜೊತೆಗೆ ಕೆಲಸ ಮಾಡುವವರೊಬ್ಬರು ಬಲವಂತ ಮಾಡಿ ತಮ್ಮ ರ‍್ಯಾಂಬ್ಲಿಂಗ್ ಗುಂಪಿಗೆ, ಅಂದರೆ ಹೊಲ ಗುಡ್ಡಗಳಲ್ಲಿ ಒಟ್ಟಾಗಿ ನಡೆಯುವವರ ಗುಂಪಿಗೆ, ಕರೆದುಕೊಂಡು ಹೋದರು. ಈಗ ನನಗೆ ಬೇಸಿಗೆಗಿಂತ ಜನವರಿಯ ನಡಿಗೆಯೇ ಹೆಚ್ಚು ಇಷ್ಟ.

ಹೊಸಬರಿಗೆ ನಾನು ಮೊದಲು ಹೇಳುವ ಮಾತು ಒಂದೇ. ಇಲ್ಲಿಯ ಗುಡ್ಡಗಳಲ್ಲಿ ಚಳಿಗೆ ಹೆದರಬೇಕಾಗಿಲ್ಲ, ನಡೆಯುತ್ತಿದ್ದರೆ ಮೈ ತಾನೇ ಬಿಸಿಯಾಗುತ್ತದೆ. ಹುಷಾರಾಗಿರಬೇಕಾದ್ದು ಎರಡಕ್ಕೆ: ಒದ್ದೆ ಮತ್ತು ಕತ್ತಲು. ಕೆಳಗೆ ಬರೆದಿರುವುದೆಲ್ಲ ಹೆಚ್ಚುಕಡಿಮೆ ಈ ಎರಡನ್ನು ಹೇಗೆ ನಿಭಾಯಿಸಬೇಕು ಅನ್ನುವುದೇ. ಉದಾಹರಣೆಗೆ ನಾನು ಹಲವು ಸಲ ನಡೆದಿರುವ ಒಂದು ದಾರಿಯನ್ನು ಇಟ್ಟುಕೊಳ್ಳುತ್ತೇನೆ. ಮ್ಯಾಂಚೆಸ್ಟರ್, ಶೆಫೀಲ್ಡ್ ನಡುವಿನ ಗುಡ್ಡನಾಡು ಪೀಕ್ ಡಿಸ್ಟ್ರಿಕ್ಟ್‌ನ ಹೋಪ್ ಸ್ಟೇಷನ್‌ನಿಂದ ಲೂಸ್ ಹಿಲ್ ಹತ್ತಿ, ಗುಡ್ಡದ ಏಣಿನ, ಅಂದರೆ ಉದ್ದನೆಯ ನೆತ್ತಿಯ, ಮೇಲೆ ನಡೆದು, ಎಡೇಲ್ ಸ್ಟೇಷನ್‌ಗೆ ಇಳಿಯುವ ದಾರಿ.

ಗುಂಪು ಹುಡುಕುವುದು

ಬ್ರಿಟನ್ನಿನಲ್ಲಿ ನಡಿಗೆಯವರ ದೊಡ್ಡ ಸಂಸ್ಥೆ ರ‍್ಯಾಂಬ್ಲರ್ಸ್. 1935ರಲ್ಲಿ ಶುರುವಾದದ್ದು. ಊರೂರಿಗೂ ಇದರ ಗುಂಪುಗಳಿವೆ. ನಡಿಗೆ ಮುನ್ನಡೆಸುವವರೆಲ್ಲ ಸ್ವಯಂಸೇವಕರು, ಯಾರೂ ಸಂಬಳಕ್ಕೆ ಮಾಡುವುದಿಲ್ಲ. ಸದಸ್ಯರಾಗುವ ಮುಂಚೆ ಮೂರು ನಡಿಗೆಗೆ ಹಾಗೇ ಬಂದು ನೋಡಬಹುದು. ಆದ್ದರಿಂದ ಮೊದಲೇ ದುಡ್ಡು ಕಟ್ಟುವ ಅವಸರ ಬೇಡ. ರ‍್ಯಾಂಬ್ಲರ್ಸ್‌ಗೆ ಸೇರದ ಸಣ್ಣಪುಟ್ಟ ಗುಂಪುಗಳೂ ಬೇಕಾದಷ್ಟಿವೆ. ನಿಮ್ಮ ಊರಿನ ಲೈಬ್ರರಿಯ ನೋಟಿಸ್ ಬೋರ್ಡಿನಲ್ಲಿ ಒಂದಾದರೂ ಕಾಣಬಹುದು.

ನಡಿಗೆಯ ವಿವರ ನೋಡುವಾಗ ದರ್ಜೆ ನೋಡಿ. ಈಸಿ, ಲೀಷರ್ಲಿ, ಮಾಡರೇಟ್, ಸ್ಟ್ರೆನ್ಯುವಸ್ ಅಂತ, ಸುಲಭದಿಂದ ಕಷ್ಟದ ಕಡೆಗೆ, ಬರೆದಿರುತ್ತಾರೆ. ನೀವು ಬೇಸಿಗೆಯಲ್ಲಿ ಮಾಡರೇಟ್ ನಡೆಯುವವರಾದರೆ ಮೊದಲ ಚಳಿಗಾಲದ ನಡಿಗೆಗೆ ಲೀಷರ್ಲಿ ಆರಿಸಿಕೊಳ್ಳಿ. ಕೆಸರಿನಲ್ಲಿ 5 ಮೈಲಿ ಅಂದರೆ ಒಣ ನೆಲದಲ್ಲಿ 7 ಮೈಲಿ ನಡೆದಷ್ಟು ಕಾಲು ಸೋಲುತ್ತದೆ. ದೂರದಷ್ಟೇ ಮುಖ್ಯ ಏರು. 'ಕುಮಾರಪರ್ವತ ಹತ್ತಿದ್ದೇನೆ, ಇದೇನು ಮಹಾ' ಅಂದುಕೊಂಡು ಬರುವವರಿದ್ದಾರೆ. ಎತ್ತರ ಇಲ್ಲಿ ಕಡಿಮೆ, ನಿಜ. ಆದರೆ ಮೇಲೆ ಒಂದು ಮರ ಇಲ್ಲ. ಗಾಳಿಗೆ ಅಡ್ಡ ಏನೂ ಇಲ್ಲ.

ಎರಡು ಮೂರು ದಿನ ಮುಂಚೆ ಲೀಡರ್‌ಗೆ ನಾಲ್ಕು ಸಾಲು ಬರೆಯಿರಿ: ನಾನು ಹೊಸಬ ಅಥವಾ ಹೊಸಬಳು, ಈಚೆಗೆ ಇಷ್ಟು ದೂರ ನಡೆದಿದ್ದೇನೆ, ಇಂಥ ಶೂ ಇದೆ, ಬರಬಹುದಾ? ಮಂಡಿನೋವು, ಆಸ್ತಮಾ, ಸಕ್ಕರೆ ಕಾಯಿಲೆ ಏನಿದ್ದರೂ ಆಗಲೇ ಹೇಳಿಬಿಡಿ. ಅವರು ಸಾಮಾನ್ಯವಾಗಿ ಆ ದಾರಿಯನ್ನು ಮೊದಲೇ ಒಂದು ಸಲ ನಡೆದು ನೋಡಿರುತ್ತಾರೆ. ಇದನ್ನು ರೆಕಿ ಅನ್ನುತ್ತಾರೆ. ಎಲ್ಲಿ ನೀರು ನಿಂತಿದೆ, ಯಾವ ಗೇಟು ಮುರಿದಿದೆ ಅನ್ನುವುದು ಅವರಿಗೆ ಗೊತ್ತು. ನಿಮ್ಮ ವಿಷಯ ಗೊತ್ತಿದ್ದರೆ ಸರಿಯಾದ ಸಲಹೆ ಕೊಡುತ್ತಾರೆ.

ಬೆಳಕಿನ ಲೆಕ್ಕ

ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ 11 ಗಂಟೆಗಿಂತ ಜಾಸ್ತಿ. ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಡಿಸೆಂಬರ್ 21ರ ಹೊತ್ತಿಗೆ ಹಗಲು ಸುಮಾರು ಏಳೂವರೆ ಗಂಟೆ ಮಾತ್ರ. ಮಧ್ಯಾಹ್ನ 3:50ಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಕಣಿವೆಯೊಳಗೆ ಅದಕ್ಕೂ ಮುಂಚೆಯೇ ಮಬ್ಬು. ನಮ್ಮ ದೇಹಕ್ಕೆ ಇದರ ಅಂದಾಜೇ ಇರುವುದಿಲ್ಲ. ಊಟ ಆಗಿ ಸ್ವಲ್ಪ ಹೊತ್ತಾಯಿತು ಅನ್ನುವಷ್ಟರಲ್ಲಿ ಸಂಜೆ.

ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕಲು ಒಂದು ಹಳೆಯ ಸೂತ್ರವಿದೆ. 1892ರಲ್ಲಿ ವಿಲಿಯಂ ನೇಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಚಾರಣಿಗರು ಹೇಳಿದ್ದು. ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ದಾರಿ ಸುಮಾರು 9 ಕಿಲೋಮೀಟರ್, ಏರು 400 ಮೀಟರಿನ ಆಸುಪಾಸು. ಸೂತ್ರದ ಪ್ರಕಾರ ಎರಡೂವರೆ ಗಂಟೆ. ಇದು ನಿಲ್ಲದೆ ನಡೆಯುವ ಗಟ್ಟಿಗರ ಲೆಕ್ಕ. ಹದಿನೈದು ಜನ ಒಂದೊಂದು ಗೇಟು ದಾಟಬೇಕು, ಚಹಾಕ್ಕೆ ನಿಲ್ಲಬೇಕು, ಊಟ ಮಾಡಬೇಕು, ಯಾರದೋ ಲೇಸು ಬಿಚ್ಚುತ್ತದೆ. ಗುಂಪಿಗೆ ನಾಲ್ಕು ಗಂಟೆ ಹಿಡಿಯಿರಿ. ಹತ್ತಕ್ಕೆ ಹೊರಟರೆ ಎರಡಕ್ಕೆ ಕೆಳಗೆ. ಸೂರ್ಯಾಸ್ತಕ್ಕೆ ಒಂದು ಗಂಟೆ ಮುಂಚೆ ಗುಡ್ಡ ಇಳಿದಿರಬೇಕು ಅನ್ನುವುದು ನಾನು ಬಿಡದೆ ಪಾಲಿಸುವ ನಿಯಮ.

ಲೆಕ್ಕ ಎಷ್ಟೇ ಸರಿಯಿರಲಿ, ತಲೆಗೆ ಕಟ್ಟುವ ಟಾರ್ಚ್ ಎಲ್ಲರ ಚೀಲದಲ್ಲೂ ಇರಬೇಕು. ಮೊಬೈಲ್ ಬೆಳಕು ಸಾಲದು. ಚಳಿಗೆ ಮೊಬೈಲಿನ ಬ್ಯಾಟರಿ ಬೇಗ ಇಳಿಯುತ್ತದೆ. ಅದನ್ನು ಹೊರಗಿನ ಜೇಬಿನಲ್ಲಿ ಇಡಬೇಡಿ, ಒಳಗೆ ಮೈಗೆ ತಾಗುವ ಹಾಗೆ ಇಡಿ.

ಬಟ್ಟೆ

ನನ್ನ ಮೊದಲ ನಡಿಗೆಗೆ ಜೀನ್ಸ್ ಹಾಕಿಕೊಂಡು ಹೋಗಿದ್ದೆ. ಬೆಳಿಗ್ಗೆ ಮೋಡ ಇತ್ತು, ಮಳೆ ಇರಲಿಲ್ಲ. ಹನ್ನೊಂದಕ್ಕೆ ಸೋನೆ ಹಿಡಿಯಿತು. ಅರ್ಧ ಗಂಟೆಯಲ್ಲಿ ಜೀನ್ಸ್ ನೀರು ಕುಡಿದು ತೊಡೆಗೆ ಅಂಟಿಕೊಂಡಿತು. ಊಟಕ್ಕೆ ಕೂತಾಗ ಗಾಳಿ ಬೀಸಿತು ನೋಡಿ, ಹಲ್ಲು ಕಟಕಟ ಅನ್ನತೊಡಗಿತು. ಡಬ್ಬಿಯ ಮುಚ್ಚಳ ತೆಗೆಯಲು ಬೆರಳೇ ಬಗ್ಗಲಿಲ್ಲ. ಲೀಡರ್ ಎಪ್ಪತ್ತು ದಾಟಿದ ಹೆಂಗಸು. ಏನೂ ಮಾತಾಡದೆ ತಮ್ಮ ಚೀಲದಿಂದ ಒಣ ಕೈಗವಸು, ಮಳೆ ಪ್ಯಾಂಟು ತೆಗೆದು ಕೊಟ್ಟರು. ತಮಗೆ ಬೇಕಾಗಿ ತಂದದ್ದಲ್ಲ, ನನ್ನಂಥವರು ಒಬ್ಬರಾದರೂ ಇರುತ್ತಾರೆ ಅಂತ ಪ್ರತಿ ಸಲವೂ ಹೊತ್ತು ತರುವುದಂತೆ. ಅವತ್ತಿನಿಂದ ನಾನೂ ಒಂದು ಜೊತೆ ಕೈಗವಸು ಜಾಸ್ತಿ ಇಟ್ಟುಕೊಳ್ಳುತ್ತೇನೆ.

ಹತ್ತಿ ಬಟ್ಟೆ ನೀರು ಹಿಡಿದುಕೊಳ್ಳುತ್ತದೆ, ಬೇಗ ಒಣಗುವುದಿಲ್ಲ, ಮೈಯ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಬನಿಯನ್ ಕೂಡ ಹತ್ತಿಯದು ಬೇಡ. ಮೈಗೆ ತಾಗುವ ಮೊದಲ ಪದರ ಉಣ್ಣೆಯದೋ ಪಾಲಿಯೆಸ್ಟರ್‌ನದೋ ಇರಲಿ. ಅದರ ಮೇಲೆ ಫ್ಲೀಸ್. ಹೊರಗೆ ನೀರು ನಿಲ್ಲಿಸುವ ಜಾಕೆಟ್, ಟೋಪಿ ಸಮೇತ. ಕೆಳಗೆ ಬೇಗ ಒಣಗುವ ಪ್ಯಾಂಟು, ಚೀಲದಲ್ಲಿ ಮಳೆ ಪ್ಯಾಂಟು. ದಪ್ಪದ ಒಂದೇ ಕೋಟಿಗಿಂತ ತೆಳುವಾದ ಮೂರು ಪದರ ಒಳ್ಳೆಯದು.

ಇದರಲ್ಲಿ ಒಂದು ಗುಟ್ಟಿದೆ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸಬೇಕು. ಎಲ್ಲ ಹೊದ್ದುಕೊಂಡು ಬೆಚ್ಚಗೆ ಹೊರಟರೆ ಮೊದಲ ಏರಿನಲ್ಲೇ ಬೆವರುತ್ತೀರಿ. ಬೆವರೂ ಒದ್ದೆಯೇ ಅಲ್ವಾ? ನಿಂತ ಕೂಡಲೇ ಅದು ತಣ್ಣಗಾಗಿ ಬೆನ್ನು ನಡುಗಿಸುತ್ತದೆ. ಹತ್ತು ನಿಮಿಷ ನಡೆದ ಮೇಲೆ ಲೀಡರ್ ಬೇಕೆಂದೇ ಒಂದು ಸಲ ನಿಲ್ಲಿಸುತ್ತಾರೆ, ಆಗ ಒಂದು ಪದರ ಕಳಚಿ. ಊಟಕ್ಕೆ ಕೂರುವಾಗ ಇದರ ತಿರುಗುಮುರುಗು. ಚಳಿ ಶುರುವಾಗುವ ತನಕ ಕಾಯಬೇಡಿ, ಚೀಲ ಇಳಿಸಿದ ತಕ್ಷಣ ಜಾಕೆಟ್ ಏರಿಸಿ, ಆಮೇಲೆ ಡಬ್ಬಿ ತೆಗೆಯಿರಿ.

ಕಾಲಿಗೆ ಹರಡು ಮುಚ್ಚುವ ಬೂಟು. ಅಡಿ ಆಳವಾಗಿ ಕೊರೆದದ್ದಿರಲಿ, ಜಾಗಿಂಗ್ ಶೂ ಕೆಸರಿನಲ್ಲಿ ಜಾರುತ್ತದೆ. ಹೊಸ ಬೂಟನ್ನು ಎರಡು ವಾರ ಮನೆಯ ಸುತ್ತ ಹಾಕಿ ಪಳಗಿಸಿಕೊಳ್ಳಿ. ಬೂಟಿನ ಮೇಲಿಂದ ಮೊಣಕಾಲಿನ ತನಕ ಕಟ್ಟಿಕೊಳ್ಳುವ ಹೊದಿಕೆ, ಅಂದರೆ ಗೇಟರ್, ಇದ್ದರೆ ಕೆಸರು ಒಳಗೆ ಹೋಗುವುದಿಲ್ಲ. ಮಂಜುಗಟ್ಟಿದ ದಿನಕ್ಕೆ ಬೂಟಿನ ಮೇಲೆ ರಬ್ಬರಿನಿಂದ ಎಳೆದು ಹಾಕುವ ಸಣ್ಣ ಮುಳ್ಳಿನ ಸರಪಳಿ ಸಿಗುತ್ತದೆ, ಮೈಕ್ರೋಸ್ಪೈಕ್ಸ್ ಅನ್ನುತ್ತಾರೆ. ಮೊದಲ ನಡಿಗೆಗೇ ಎಲ್ಲ ಕೊಳ್ಳಬೇಕಾಗಿಲ್ಲ. ಖರ್ಚು ಮಾಡುವುದಿದ್ದರೆ ಮೊದಲು ಬೂಟಿಗೆ, ಆಮೇಲೆ ಜಾಕೆಟ್ಟಿಗೆ. ಉಳಿದದ್ದನ್ನು ಚಾರಿಟಿ ಶಾಪಿನಲ್ಲಿ ಹುಡುಕಿ.

ಬುತ್ತಿ

ಪುಳಿಯೋಗರೆ, ಚಿತ್ರಾನ್ನ ಕಟ್ಟಿಕೊಂಡು ಹೋಗಬೇಕು ಅಂತ ಎಲ್ಲರಿಗೂ ಆಸೆ. ಎರಡು ಡಿಗ್ರಿ ಚಳಿಯಲ್ಲಿ ಅನ್ನ ಕಲ್ಲಾಗುತ್ತದೆ. ಕೈಗವಸು ತೆಗೆದು ಕಲೆಸಿ ತಿನ್ನುವ ಹೊತ್ತಿಗೆ ಬೆರಳು ಮರಗಟ್ಟುತ್ತದೆ. ಚಪಾತಿಯಲ್ಲಿ ಪಲ್ಯ ಸುತ್ತಿ ಫಾಯಿಲ್‌ನಲ್ಲಿ ಕಟ್ಟಿಕೊಳ್ಳಿ, ಕೈಗವಸಿನಲ್ಲೇ ಹಿಡಿದು ತಿನ್ನಬಹುದು. ಜೇಬಿನಲ್ಲಿ ಕಡಲೆಮಿಠಾಯಿ, ಖರ್ಜೂರ. ಏರಿನಲ್ಲಿ ಸುಸ್ತಾದಾಗ ಒಂದು ತುಂಡು ಬಾಯಿಗೆ ಹಾಕಿಕೊಂಡರೆ ಸಾಕು.

ಥರ್ಮಾಸಿನಲ್ಲಿ ಎಲ್ಲರೂ ಚಹಾ ತರುತ್ತಾರೆ. ನಾನು ಮೆಣಸಿನ ಸಾರು ಒಯ್ಯುತ್ತೇನೆ. ಫ್ಲಾಸ್ಕಿಗೆ ಮೊದಲು ಕುದಿಯುವ ನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಬಿಸಿ ಸಾರು ಸೋಸಿ ತುಂಬಿಸಿ. ಕರಿಬೇವು, ಸಾಸಿವೆ ಒಳಗೆ ಹೋದರೆ ಮುಚ್ಚಳದ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಅದಕ್ಕೇ ಸೋಸುವುದು. ಮಧ್ಯಾಹ್ನ ಹನ್ನೆರಡೂವರೆಗೆ, ಏಣಿನ ಮೇಲೆ, ಒಂದು ಕಲ್ಲುಗೋಡೆಯ ಮರೆಯಲ್ಲಿ ಮುಚ್ಚಳ ತಿರುಗಿಸಿದಾಗ ಇಂಗಿನ ಘಮ ಬರುತ್ತದಲ್ಲ, ಸುತ್ತ ಕೂತವರೆಲ್ಲ ತಿರುಗಿ ನೋಡುತ್ತಾರೆ. ಎರಡು ಲೋಟ ಜಾಸ್ತಿ ಇಟ್ಟುಕೊಂಡಿರಿ. ನೀರು ಕುಡಿಯುವುದನ್ನೂ ಮರೆಯಬೇಡಿ. ಚಳಿಯಲ್ಲಿ ಬಾಯಾರುವುದಿಲ್ಲ, ಆದರೆ ದೇಹಕ್ಕೆ ನೀರು ಬೇಕೇ ಬೇಕು.

ನಕ್ಷೆ ಮತ್ತು ಬಾಣ

ಲೀಡರ್ ಇದ್ದಾರೆ, ನಕ್ಷೆ ನಮಗ್ಯಾಕೆ ಅನ್ನಬೇಡಿ. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ನಕ್ಷೆಯಲ್ಲಿ 4 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ನಮ್ಮ ದಾರಿ ಇರುವುದು ಓಎಲ್1, ಡಾರ್ಕ್ ಪೀಕ್ ಹಾಳೆಯಲ್ಲಿ. ಹಸಿರು ತುಂಡುಗೆರೆ ಅಂದರೆ ಸಾರ್ವಜನಿಕ ಹಕ್ಕಿನ ದಾರಿ. ಸಣ್ಣ ತುಂಡು ಕಾಲುದಾರಿ, ಉದ್ದ ತುಂಡು ಕುದುರೆ ಮತ್ತು ಸೈಕಲ್ಲಿಗೂ ಬಿಟ್ಟ ಬ್ರೈಡಲ್‌ವೇ. ಕಪ್ಪು ತುಂಡುಗೆರೆ ಇದ್ದರೆ ನೆಲದ ಮೇಲೆ ಜಾಡು ಇದೆ ಅಂತ ಮಾತ್ರ, ನಡೆಯುವ ಹಕ್ಕಿದೆ ಅಂತಲ್ಲ. ಹೊಲದ ಕಂಬಗಳ ಮೇಲೆ ಕಾಲುದಾರಿಗೆ ಹಳದಿ ಬಾಣ, ಬ್ರೈಡಲ್‌ವೇಗೆ ನೀಲಿ ಬಾಣ. ಪ್ರತಿ ಸಲ ನಿಂತಾಗ 'ನಾವೀಗ ಎಲ್ಲಿದ್ದೇವೆ' ಅಂತ ಲೀಡರ್‌ನ ಕೇಳಿ ನಕ್ಷೆಯಲ್ಲಿ ಬೆರಳಿಡಿ. ಮೂರು ನಡಿಗೆಯಲ್ಲಿ ಕಲಿತುಬಿಡುತ್ತೀರಿ.

ಯಾರದೋ ಗದ್ದೆಯ ನಡುವೆ ಹೀಗೆ ಧೈರ್ಯವಾಗಿ ನಡೆಯುವುದು ನಮಗೆ ಮೊದಲು ಮುಜುಗರ ಅನ್ನಿಸುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥ ದಾರಿ ಸುಮಾರು 1,40,000 ಮೈಲಿ ಇದೆ. ನಿಮಗೂ ಅಷ್ಟೇ ಹಕ್ಕಿದೆ.

ನಡಿಗೆಯ ದಿನ

ಹಿಂದಿನ ರಾತ್ರಿ ಮೆಟ್ ಆಫೀಸಿನ ಗುಡ್ಡದ ಹವಾಮಾನ ನೋಡಿ. ಊರಿನ ಹವಾಮಾನ ಸಾಲದು. ಲೂಸ್ ಹಿಲ್‌ನ ತುದಿ 476 ಮೀಟರ್, ಹೋಪ್ ಊರಿಗಿಂತ ಸುಮಾರು 300 ಮೀಟರ್ ಮೇಲೆ. ಅಷ್ಟಕ್ಕೇ ಎರಡು ಡಿಗ್ರಿ ಇಳಿಯುತ್ತದೆ. ಅದಕ್ಕಿಂತ ಗಾಳಿಯ ವೇಗ ಮುಖ್ಯ. ಹವಾಮಾನ ಕೆಟ್ಟಿದೆ ಅಂತ ಲೀಡರ್ ರದ್ದು ಮಾಡಿದರೆ ಬೇಸರ ಮಾಡಿಕೊಳ್ಳಬೇಡಿ.

ಮ್ಯಾಂಚೆಸ್ಟರ್-ಶೆಫೀಲ್ಡ್ ನಡುವಿನ ಹೋಪ್ ವ್ಯಾಲಿ ಲೈನಿನಲ್ಲಿ ಹೋಪ್, ಎಡೇಲ್ ಎರಡೂ ಸ್ಟೇಷನ್‌ಗಳಿವೆ. ಇಲ್ಲಿ ಇಳಿದು ಅಲ್ಲಿ ಹತ್ತಬಹುದು, ಕಾರು ಬೇಕಿಲ್ಲ. ವಾಪಸ್ಸಿನ ರೈಲು, ಅದರ ನಂತರದ ರೈಲು ಎರಡರ ಸಮಯವನ್ನೂ ಬರೆದಿಟ್ಟುಕೊಳ್ಳಿ. ಕಾರಿನಲ್ಲಿ ಯಾರ ಜೊತೆಗಾದರೂ ಹೋದರೆ ಪೆಟ್ರೋಲಿಗೆ ನಿಮ್ಮ ಪಾಲು ಕೊಡಿ. ಕಾಲು ಗಂಟೆ ಮುಂಚೆ ಮುಟ್ಟಿ, ಬಾತ್‌ರೂಮಿಗೆ ಹೋಗಿ ಬನ್ನಿ.

ಹೊರಡುವ ಮುಂಚೆ ಲೀಡರ್ ತಲೆ ಎಣಿಸುತ್ತಾರೆ, ಬ್ಯಾಕ್‌ಮಾರ್ಕರ್ ಯಾರು ಅಂತ ತೋರಿಸುತ್ತಾರೆ. ಎಲ್ಲರಿಗಿಂತ ಹಿಂದೆ ನಡೆಯುವವರು ಇವರು. ನಿಧಾನವಾಗಿ ನಡೆಯುವವರು ಇವರ ಜೊತೆಗಿರಿ, ಯಾರೂ ಬಿಟ್ಟು ಹೋಗುವುದಿಲ್ಲ. ಲೀಡರ್‌ನ ದಾಟಿ ಮುಂದೆ ಹೋಗಬೇಡಿ. ದಾರಿಯಲ್ಲಿ ಗೋಡೆಯ ಮರೆಗೆ ಹೋಗಬೇಕಾದರೆ ಬ್ಯಾಕ್‌ಮಾರ್ಕರ್‌ಗೆ ಒಂದು ಮಾತು ಹೇಳಿ, ನಿಮ್ಮ ಚೀಲ ದಾರಿಯ ಮೇಲೇ ಬಿಟ್ಟು ಹೋಗಿ. ಚೀಲ ಕಂಡರೆ ಗುಂಪು ಕಾಯುತ್ತದೆ. ಹೆಂಗಸರು ಇದಕ್ಕೆ ಸಂಕೋಚ ಪಟ್ಟುಕೊಂಡು ನೀರು ಕುಡಿಯದೇ ಇರುವುದನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಇಲ್ಲಿ ಯಾರಿಗೂ ಇದು ವಿಚಿತ್ರ ಅನ್ನಿಸುವುದಿಲ್ಲ.

ಎಪ್ಪತ್ತೈದು ವರ್ಷದವರನ್ನೂ ಇಲ್ಲಿ ಹೆಸರು ಹಿಡಿದು ಕರೆಯುತ್ತಾರೆ. ನಮಗೆ ನಾಲಿಗೆ ಏಳುವುದಿಲ್ಲ. ಆದರೆ ಅವರಿಗೆ ಅದೇ ಇಷ್ಟ, ಎರಡನೇ ನಡಿಗೆಗೆ ರೂಢಿಯಾಗುತ್ತದೆ.

ಹೋಪ್ ಬಿಟ್ಟ ಮೇಲೆ ಹೊಲಗಳ ನಡುವೆ ಬೇಲಿ, ಗೋಡೆ ದಾಟುವ ಮೆಟ್ಟಿಲುಗಳು, ಅಂದರೆ ಸ್ಟೈಲ್‌ಗಳು ಸಿಗುತ್ತವೆ. ಮಲೆನಾಡು, ಕರಾವಳಿಯವರಿಗೆ ಇದು ಚೆನ್ನಾಗಿ ಗೊತ್ತು, ನಮ್ಮ ತಡಮೆಯೇ. ಜನ ದಾಟಬಹುದು, ದನ ಕುರಿ ದಾಟಲಾರವು. ಬೆಳಿಗ್ಗೆ ಅದರ ಮರದ ಮೆಟ್ಟಿಲ ಮೇಲೆ ತೆಳ್ಳಗೆ ಮಂಜು ಕೂತಿರುತ್ತದೆ, ಗಾಜಿನ ಹಾಗೆ ಜಾರುತ್ತದೆ. ಮೊದಲು ಕಂಬ ಹಿಡಿಯಿರಿ. ಕಾಲನ್ನು ಮೆಟ್ಟಿಲಿನ ತುದಿಯಲ್ಲಿ ಇಡಬೇಡಿ, ಆಧಾರದ ಕಂಬದ ಹತ್ತಿರ ಇಡಿ. ಇಳಿಯುವಾಗ ಸ್ಟೈಲಿಗೆ ಮುಖ ಮಾಡಿ, ಅಟ್ಟದ ಏಣಿ ಇಳಿದ ಹಾಗೆ ಹಿಂದಕ್ಕೆ ಇಳಿಯಿರಿ. ನಿಮ್ಮ ಹಿಂದಿನವರಿಗೆ 'ಜಾರುತ್ತದೆ' ಅಂತ ಹೇಳಿ. ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಬೇಕು, ತೆರೆದಿದ್ದರೆ ಹಾಗೇ ಬಿಡಬೇಕು. ರೈತ ಏನೋ ಕಾರಣಕ್ಕೇ ತೆರೆದಿಟ್ಟಿರುತ್ತಾನೆ. ಚಳಿಗಾಲದಲ್ಲಿ ದನಗಳು ಹೆಚ್ಚಾಗಿ ಕೊಟ್ಟಿಗೆಯಲ್ಲಿರುತ್ತವೆ, ಕುರಿಗಳು ಹೊರಗೇ. ಅವುಗಳಲ್ಲಿ ಎಷ್ಟೋ ಗಬ್ಬದ ಕುರಿಗಳು. ಓಡಿಸಬೇಡಿ, ಸುತ್ತು ಬಳಸಿ ಹೋಗಿ.

ಕೆಸರು ಬಂದಾಗ ಅಂಚು ಹಿಡಿದು ಹುಲ್ಲಿನ ಮೇಲೆ ಹೋಗುವ ಆಸೆಯಾಗುತ್ತದೆ. ಎಲ್ಲರೂ ಹಾಗೆ ಮಾಡಿದರೆ ವರ್ಷದಿಂದ ವರ್ಷಕ್ಕೆ ದಾರಿ ಅಗಲವಾಗಿ ಹೊಲ ಹಾಳಾಗುತ್ತದೆ. ನಡುವೆಯೇ ಕಾಲಿಡಿ. ಬೂಟು ಇರುವುದೇ ಅದಕ್ಕೆ.

ಲೂಸ್ ಹಿಲ್‌ನ ಕೊನೆಯ ಏರು ಕಡಿದು. ಉಸಿರು ಕಟ್ಟದ ಹಾಗೆ, ಮಾತಾಡುತ್ತಾ ಹತ್ತುವಷ್ಟೇ ವೇಗ ಇರಲಿ. ತುದಿ ಮುಟ್ಟಿದ ಮೇಲೆ ಅದು ಯಾರ ನೆಲ ಅಂತ ಒಂದು ಸಲ ನೆನೆಯಿರಿ. 1900ರಲ್ಲಿ ಶೆಫೀಲ್ಡಿನಲ್ಲಿ ಕೆಲಸಗಾರರ ನಡಿಗೆ ಗುಂಪು ಕಟ್ಟಿದ ಜಿ. ಎಚ್. ಬಿ. ವಾರ್ಡ್ ಅನ್ನುವವರಿಗೆ 1945ರಲ್ಲಿ ರ‍್ಯಾಂಬ್ಲರ್‌ಗಳು ಇಲ್ಲಿಯ ಜಾಗವನ್ನು ಕಾಣಿಕೆಯಾಗಿ ಕೊಟ್ಟರು. ಅವರು ಅದನ್ನು ಇಂಥ ಜಾಗಗಳನ್ನು ಜನರಿಗಾಗಿ ಕಾಪಾಡುವ ನ್ಯಾಷನಲ್ ಟ್ರಸ್ಟ್‌ಗೆ, ಅಂದರೆ ಎಲ್ಲರಿಗೂ, ಬಿಟ್ಟುಕೊಟ್ಟರು. ಎದುರಿಗೆ ಎಡೇಲ್ ಕಣಿವೆಯಾಚೆ ಕಾಣುವ ಉದ್ದನೆಯ ಬೆಟ್ಟ ಕಿಂಡರ್ ಸ್ಕೌಟ್. ಒಂದು ಕಾಲದಲ್ಲಿ ಅದು ಶ್ರೀಮಂತರ ಬೇಟೆಯ ಜಾಗ. 1932ರ ಏಪ್ರಿಲ್ 24ರಂದು ನೂರಾರು ಜನ, ಹೆಚ್ಚಿನವರು ಮ್ಯಾಂಚೆಸ್ಟರಿನ ಕೆಲಸಗಾರರು, ಅಪ್ಪಣೆ ಇಲ್ಲದೆ ಬೇಕೆಂದೇ ಅದನ್ನು ಹತ್ತಿದರು. ಮುಂದಾಳು ಬೆನ್ನಿ ರಾಥ್‌ಮನ್‌ಗೆ ಆಗ 20 ವರ್ಷ. ಐವರು ಜೈಲಿಗೆ ಹೋದರು. 1951ರಲ್ಲಿ ಇದೇ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಸತ್ಯಾಗ್ರಹದ ನಾಡಿನಿಂದ ಬಂದ ನನಗೆ ಆ ಬೆಟ್ಟ ನೋಡಿದಾಗಲೆಲ್ಲ ಎದೆ ತುಂಬಿ ಬರುತ್ತದೆ.

ಅದೃಷ್ಟವಿದ್ದರೆ ಇನ್ನೊಂದು ನೋಟ ಸಿಗುತ್ತದೆ. ಗಾಳಿ ಬೀಸದ ರಾತ್ರಿ ತಂಪು ಗಾಳಿ ಭಾರವಾಗಿ ಕಣಿವೆಗೆ ಇಳಿದು ಮಂಜಾಗುತ್ತದೆ. ಸ್ಟೇಷನ್‌ನಲ್ಲಿ ಹತ್ತು ಮಾರು ಆಚೆ ಕಾಣಿಸದು. ಹತ್ತುತ್ತಾ ಹೋದ ಹಾಗೆ ಬೆಳಕಾಗಿ, ಒಮ್ಮೆಲೇ ತಲೆ ಮಂಜಿನಿಂದ ಹೊರಬರುತ್ತದೆ. ಮೇಲೆ ನೀಲಿ ಆಕಾಶ, ಕೆಳಗೆ ಹಾಲಿನ ಹಾಗೆ ತುಂಬಿದ ಕಣಿವೆ.

ಅಲ್ಲಿಂದ ಬ್ಯಾಕ್ ಟಾರ್‌ನ ಕಡಿದಾದ ಇಳಿಜಾರು ಹುಷಾರು. ಹೆಜ್ಜೆ ಚಿಕ್ಕದಿರಲಿ, ಪಾದ ಪೂರ್ತಿ ಊರಿ. ಮುಂದೆ ಹಾಲಿನ್ಸ್ ಕ್ರಾಸ್ ಅನ್ನುವ ತಗ್ಗು. ಎಡೇಲ್‌ನಲ್ಲಿ ಚರ್ಚ್ ಇಲ್ಲದ ಕಾಲದಲ್ಲಿ ಹೆಣವನ್ನು ಇಲ್ಲಿಂದಲೇ ಗುಡ್ಡದಾಚೆಗೆ ಹೊತ್ತು ಒಯ್ಯುತ್ತಿದ್ದರಂತೆ. ಮುಂದಿನ ತುದಿ 517 ಮೀಟರಿನ ಮ್ಯಾಮ್ ಟಾರ್ ಕೈಬೀಸಿ ಕರೆಯುತ್ತದೆ. ಆಗಲೇ ಒಂದೂವರೆ ಆಗಿದ್ದರೆ ಬೇಡ, ಎಡೇಲ್ ಕಡೆಗೆ ಇಳಿದುಬಿಡಿ. ಗಡಿಯಾರ ನೋಡಿ ಇಲ್ಲಿ ತಿರುಗುವುದೇ ಚಳಿಗಾಲದ ನಡಿಗೆಯ ಮುಖ್ಯ ವಿದ್ಯೆ.

ಯಾರಿಗಾದರೂ ತೊಂದರೆಯಾದರೆ

ದೇಹ ತೀರಾ ತಣ್ಣಗಾಗುತ್ತಿದೆ ಅಂತ ಅವರಿಗೇ ಗೊತ್ತಾಗುವುದಿಲ್ಲ, ಪಕ್ಕದವರು ಗಮನಿಸಬೇಕು. ಸುಮ್ನೆ ಸುಮ್ನೆ ಎಡವುವುದು, ಮಾತು ತೊದಲುವುದು, ಕೈಯಿಂದ ವಸ್ತು ಬೀಳಿಸುವುದು, ಕಾರಣವಿಲ್ಲದೆ ಸಿಡುಕುವುದು. ಇವು ಕಂಡರೆ ಕೂಡಲೇ ಲೀಡರ್‌ಗೆ ಹೇಳಿ. ಗಾಳಿಗೆ ಮರೆ ಮಾಡಿ, ಒದ್ದೆ ಬಟ್ಟೆ ತೆಗೆದು ಒಣಗಿದ್ದು ಹಾಕಿ, ತಣ್ಣನೆ ನೆಲದ ಮೇಲಲ್ಲ, ಚೀಲದ ಮೇಲೆ ಕೂರಿಸಿ. ಎಚ್ಚರವಾಗಿದ್ದರೆ ಬಿಸಿ ಸಿಹಿ ಪಾನೀಯ ಕೊಡಿ. ಬ್ರಾಂದಿ ಖಂಡಿತ ಬೇಡ, ಅದು ಬಿಸಿಯನ್ನು ಇನ್ನೂ ಕಳೆಯುತ್ತದೆ.

ನಡೆಯಲು ಆಗದಿದ್ದರೆ 999ಕ್ಕೆ ಫೋನ್ ಮಾಡಿ ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಬೇಕು ಅನ್ನಿ. ಸುಮ್ನೆ ಆಂಬುಲೆನ್ಸ್ ಕೇಳಿದರೆ ಅದು ರಸ್ತೆಗೆ ಬರುತ್ತದೆ, ಗುಡ್ಡಕ್ಕಲ್ಲ. ಗ್ರಿಡ್ ರೆಫರೆನ್ಸ್, ಅಂದರೆ ನೀವಿರುವ ಜಾಗಕ್ಕೆ ನಕ್ಷೆಯ ಚೌಕಗಳಿಂದ ಓದುವ ಅಂಕಿ, ಹೇಳಿ. ಈ ತಂಡದವರೂ ಸ್ವಯಂಸೇವಕರೇ, ಬಿಲ್ ಬರುವುದಿಲ್ಲ. ಫೋನಿಗೆ ಸಿಗ್ನಲ್ ಇಲ್ಲದಿದ್ದರೆ ಸೀಟಿ ಊದಿ ಅಥವಾ ಟಾರ್ಚ್ ಮಿನುಗಿಸಿ. ಒಂದು ನಿಮಿಷದಲ್ಲಿ ಆರು ಸಲ, ಆಮೇಲೆ ಒಂದು ನಿಮಿಷ ಬಿಡುವು, ಮತ್ತೆ ಆರು.

ಇಳಿದ ಮೇಲೆ

ಎಡೇಲ್‌ನಲ್ಲಿ ಗುಂಪು ಸಾಮಾನ್ಯವಾಗಿ ಪಬ್‌ಗೆ ಹೋಗುತ್ತದೆ. ಕುಡಿಯದವರೂ ಹೋಗಿ, ಚಹಾ ಸಿಗುತ್ತದೆ, ಸ್ನೇಹ ಬೆಳೆಯುವುದು ಅಲ್ಲಿಯೇ. ಕೆಸರಿನ ಬೂಟು ಬಾಗಿಲಲ್ಲೇ ಬಿಡಿ, ಚೀಲದಲ್ಲೊಂದು ಒಣ ಕಾಲುಚೀಲ ಇದ್ದರೆ ಆ ಹೊತ್ತಿಗೆ ಸ್ವರ್ಗ. ಸ್ವಂತ ಬುತ್ತಿ ಒಳಗೆ ಬಿಚ್ಚಬೇಡಿ. ಸಸ್ಯಾಹಾರಿಗಳು ಸೂಪ್ ಹೇಳುವ ಮುಂಚೆ ಅದಕ್ಕೆ ಹಾಕಿದ ಸ್ಟಾಕ್ ಯಾವುದು ಅಂತ ಕೇಳಿ, ತರಕಾರಿ ಸೂಪಿಗೂ ಕೆಲವು ಕಡೆ ಕೋಳಿ ಸ್ಟಾಕ್ ಹಾಕಿರುತ್ತಾರೆ.

ಮನೆಗೆ ಬಂದ ರಾತ್ರಿಯೇ ಬೂಟಿನ ಕೆಸರು ತಣ್ಣೀರಿನಲ್ಲಿ ಬ್ರಶ್ ಹಾಕಿ ತೊಳೆಯಿರಿ. ರೇಡಿಯೇಟರ್ ಮೇಲೆ ಇಡಬೇಡಿ, ಚರ್ಮ ಬಿರಿಯುತ್ತದೆ, ಅಂಟು ಬಿಡುತ್ತದೆ. ಒಳಗೆ ಹಳೆಯ ಪೇಪರ್ ಉಂಡೆ ಮಾಡಿ ತುರುಕಿ, ಗಾಳಿಯಾಡುವ ಕಡೆ ಇಡಿ, ಮಲಗುವ ಮುಂಚೆ ಒಂದು ಸಲ ಪೇಪರ್ ಬದಲಿಸಿ. ಲೀಡರ್‌ಗೆ ಒಂದು ಸಾಲು ಥ್ಯಾಂಕ್ಸ್ ಕಳಿಸಿ, ಮುಂದಿನ ನಡಿಗೆ ಯಾವತ್ತು ಅಂತ ಆಗಲೇ ಕೇಳಿಬಿಡಿ. ಬೂಟು ಪೂರ್ತಿ ಒಣಗಲು ಎರಡು ದಿನ ಬೇಕು.